ಯಾವುದು ಕಾಳು, ಯಾವುದು ಬೂಸಾ?

ಹಾಸ್ಟೆಲ್ ಹುಡುಗರು ಸಿನಿಮಾ ನೋಡಿ ಹಾಳಾಗ್ತಿದ್ದಾರೆ ಅನ್ನೋ ಮಾತು ಬಹಳ ಹಳೇದು. ವಾರ್ಡನ್‌ಗಳು ಹೇಳ್ತಾರೆ, ಮೇಷ್ಟ್ರುಗಳು ಹೇಳ್ತಾರೆ, ಸಭೆಗೆ ಬಂದ ದೊಡ್ಡವರೂ ಹೇಳಿ ಹೋಗ್ತಾರೆ. ನಾವು ಹಾಗೆ ಹೇಳುವವರಲ್ಲ. ನಾವೂ ಸಿನಿಮಾ ನೋಡುವವರೇ. ಮುಂದಿನ ಸಾಲಿನಲ್ಲಿ ಕೂತು ಕತ್ತು ನೋಯುವ ತನಕ ನೋಡಿದವರು, ಶಿಳ್ಳೆ ಹೊಡೆದವರು. ಇವತ್ತು ಒಂದೇ ಮೊಬೈಲಿಗೆ ನಾಲ್ಕು ತಲೆ ಸೇರಿಸಿ ರಾತ್ರಿಯೆಲ್ಲಾ ನೋಡುವವರೂ ನಮ್ಮವರೇ. ದುಡಿದ ಮೈಗೆ, ಹಾಸ್ಟೆಲಿನ ತಿಳಿಸಾರು ಉಂಡ ಹೊಟ್ಟೆಗೆ ಮೂರು ಗಂಟೆ ಸಂತೋಷ ಬೇಕು. ಅದನ್ನು ಬೇಡ ಅನ್ನೋಕೆ ಯಾರಿಗೂ ಹಕ್ಕಿಲ್ಲ.

ಆದರೆ ನೋಡಿದ್ದನ್ನೆಲ್ಲಾ ನುಂಗುವುದು ಬೇರೆ, ಕೇರಿ ನುಂಗುವುದು ಬೇರೆ. ನಮ್ಮ ಅವ್ವಂದಿರು ಮೊರ ಹಿಡಿದು ಕೂತರೆ ಕಲ್ಲು ಒಂದು ಕಡೆ, ಹೊಟ್ಟು ಒಂದು ಕಡೆ, ಕಾಳು ಒಂದು ಕಡೆ. ಕೇರಿಯಲ್ಲಿ ಹುಟ್ಟಿದವರಿಗೆ ಕೇರುವುದನ್ನು ಬೇರೆಯವರು ಕಲಿಸಬೇಕೇ?

1973ರ ನವೆಂಬರಿನಲ್ಲಿ, ಮೈಸೂರಿನಲ್ಲಿ, ಆಗಿನ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚು ಅನ್ನುವ ಅರ್ಥದ ಮಾತಾಡಿದರು. ಅಷ್ಟೇ ಸಾಕಾಯ್ತು. ಪುಸ್ತಕ ಮುಟ್ಟದವರೂ ಸಾಹಿತ್ಯ ಕಾಪಾಡಲು ಬೀದಿಗಿಳಿದರು. ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯ್ತು. ಆದರೆ ಆ ಒಂದು ಮಾತಿನ ಹಿಂದೆಯೇ ನಮ್ಮ ಸಾಹಿತ್ಯ ಎದ್ದು ಬಂತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು', 1984ರಲ್ಲಿ ದೇವನೂರ ಮಹಾದೇವರ 'ಕುಸುಮಬಾಲೆ'. ಬೂಸಾ ಅಂದವರನ್ನು ಓಡಿಸಿದ ಊರಿನಲ್ಲೇ ಕಾಳು ಬೆಳೆದು ತೋರಿಸಿದೆವು.

ಸಿನಿಮಾಕ್ಕೆ ಮಾತ್ರ ಇನ್ನೂ ಯಾರೂ ಮೊರ ಹಿಡಿದಿಲ್ಲ. ಈ ಹಾಳೆಯಲ್ಲಿ ನಾವು ಹಿಡಿಯುತ್ತಿದ್ದೇವೆ. ನಮಗೆ ಇಷ್ಟವಾದದ್ದು ಯಾವುದು, ಆಗದ್ದು ಯಾವುದು, ಯಾಕೆ ಅಂತ ಬಾಯಿ ಬಿಟ್ಟು ಹೇಳ್ತೀವಿ. ಒಪ್ಪದವರು ನಿಮ್ಮ ಹಾಸ್ಟೆಲಿಗೆ ಕರೆಯಿರಿ, ಬಂದು ಜಗಳ ಆಡ್ತೀವಿ.

ನಮ್ಮ ಒಂದೇ ಪ್ರಶ್ನೆ

ಕ್ಯಾಮೆರಾ ಹೇಗಿತ್ತು, ಸಂಗೀತ ಹೇಗಿತ್ತು, ಪ್ರಶಸ್ತಿ ಎಷ್ಟು, ಗಳಿಕೆ ಎಷ್ಟು ಕೋಟಿ? ಇದನ್ನು ಕೇಳಲು ಪೇಪರಿನವರಿದ್ದಾರೆ. ನಮ್ಮ ಪ್ರಶ್ನೆ ಒಂದೇ. ತೆರೆಯ ಮೇಲೆ ನಮ್ಮ ಜನ ಬಂದಾಗ, ಅವರು ತಾವಾಗಿ ಏನಾದರೂ ತೀರ್ಮಾನ ಮಾಡ್ತಾರಾ? ಅಥವಾ ಬೇರೆಯವರು ಮಾಡಿದ ತೀರ್ಮಾನಕ್ಕೆ ಸಾಯ್ತಾರಾ, ಅಳ್ತಾರಾ, ಕೈಮುಗೀತಾರಾ?

ಇಷ್ಟು ಸಣ್ಣ ಪ್ರಶ್ನೆ. ಇದನ್ನು ಇಟ್ಟುಕೊಂಡು ಒಂದು ಸಿನಿಮಾ ನೋಡಿ. ದೊಡ್ಡ ದೊಡ್ಡ ಗೋಪುರಗಳು ಅಲ್ಲಾಡ್ತವೆ.

ರಾಜ ಮಸಣ ಕಾದರೆ ಕಣ್ಣೀರು

1965ರ 'ಸತ್ಯ ಹರಿಶ್ಚಂದ್ರ'ವನ್ನೇ ತಗೊಳ್ಳಿ. ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನ, ಡಾ. ರಾಜಕುಮಾರ್ ಹರಿಶ್ಚಂದ್ರ. 2008ರಲ್ಲಿ ಬಣ್ಣ ಬಳಿದು ಮತ್ತೆ ಬಿಟ್ಟರು, ಮತ್ತೆ ಜನ ಅತ್ತರು. ಯಾಕೆ ಅತ್ತರು? ರಾಜನಾಗಿದ್ದವನು ವೀರಬಾಹುವಿನ ಆಳಾಗಿ ಮಸಣ ಕಾಯಬೇಕಾಯ್ತಲ್ಲಾ ಅಂತ. ಸ್ವಲ್ಪ ನಿಂತು ಯೋಚನೆ ಮಾಡಿ. ಒಬ್ಬ ಕ್ಷತ್ರಿಯ ಕೆಲವು ದಿನ ಮಸಣ ಕಾದದ್ದು ಲೋಕಕ್ಕೆಲ್ಲಾ ದುಃಖದ ಕಥೆ. ನಮ್ಮ ತಾತ, ಮುತ್ತಾತ, ಅವರಪ್ಪ ಹುಟ್ಟಿದಾಗಿನಿಂದ ಸಾಯುವ ತನಕ ಕಾದದ್ದು ಯಾರ ಕಣ್ಣಲ್ಲೂ ನೀರು ತರಿಸಲಿಲ್ಲ. ಅದು ನಮ್ಮ 'ಕಸುಬು' ಅಂದರು!

ಅದಕ್ಕೂ ಹಿಂದಕ್ಕೆ ಹೋಗಿ. ಸತ್ಯಕ್ಕಾಗಿ ರಾಜ್ಯ ಬಿಟ್ಟ ಮಹಾನುಭಾವ ಅಂತಾರಲ್ಲಾ, ಕಾಲೇಜಿನಲ್ಲಿ ಪಾಠವಾಗಿರುವ ರಾಘವಾಂಕನ 'ಹರಿಶ್ಚಂದ್ರ ಕಾವ್ಯ'ವನ್ನು ಬಿಡಿಸಿ ಓದಿ. ವಿಶ್ವಾಮಿತ್ರ ಕಳಿಸಿದ ಹಾಡುಗಾರ ಹೆಣ್ಣುಮಕ್ಕಳಿಬ್ಬರು ನಮ್ಮನ್ನು ಮದುವೆಯಾಗು ಅಂತಾರೆ. ಅವರು ಹೊಲತಿಯರು. ಅವರನ್ನು ಮದುವೆಯಾಗು, ಇಲ್ಲಾ ರಾಜ್ಯ ಬಿಡು ಅಂದಾಗ ಹರಿಶ್ಚಂದ್ರ ರಾಜ್ಯವನ್ನೇ ಬಿಡ್ತಾನೆ. ಇದು ಸತ್ಯವೋ, ಜಾತಿಯೋ, ನೀವೇ ಹೇಳಿ ಸ್ವಾಮಿ.

ಅದೇ ಸಿನಿಮಾದಲ್ಲಿ ಎಂ.ಪಿ. ಶಂಕರ್ ಮಾಡಿದ ವೀರಬಾಹು ಇದ್ದಾನೆ. ಅಷ್ಟು ದೊಡ್ಡ ಮೈ, ಅಷ್ಟು ದೊಡ್ಡ ದನಿ, ಕುಲದಲ್ಲಿ ಮೇಲು ಕೀಳು ಎಲ್ಲಿದೆ ಅಂತ ಕೇಳುವ ಹಾಡು. ನಮ್ಮ ಕೇರಿಗಳ ಮೈಕಿನಲ್ಲಿ ಇವತ್ತಿಗೂ ಆ ಹಾಡು ಹಾಕ್ತಾರೆ. ಹರಿಶ್ಚಂದ್ರ ಅವರಿಗಿರಲಿ, ವೀರಬಾಹು ನಮಗಿರಲಿ! ಆ ಸಿನಿಮಾದಲ್ಲಿ ಕಾಳು ಅಂತ ಇದ್ದರೆ ಅವನೇ.

ಹಿಂದಿಯಲ್ಲಿ 1936ರ 'ಅಛೂತ್ ಕನ್ಯಾ'. ದೇವಿಕಾ ರಾಣಿ, ಅಶೋಕ್ ಕುಮಾರ್. ಅಸ್ಪೃಶ್ಯ ಹುಡುಗಿಗೂ ಬ್ರಾಹ್ಮಣ ಹುಡುಗನಿಗೂ ಪ್ರೀತಿ. ಕೊನೆಗೆ ಏನಾಗುತ್ತೆ? ಹುಡುಗಿ ರೈಲಿಗೆ ಸಿಕ್ಕಿ ಸಾಯ್ತಾಳೆ. ಬ್ರಾಹ್ಮಣರ ಹುಡುಗ ಬದುಕುಳೀತಾನೆ. ಎಲ್ಲರಿಗೂ ಸಮಾಧಾನ, ಮದುವೆಯ ತಾಪತ್ರಯ ಇಲ್ಲ! ಇನ್ನೊಂದು ವಿಷಯ ಜ್ಞಾಪಕ ಇಟ್ಟುಕೊಳ್ಳಿ. ಅದೇ 1936ರಲ್ಲಿ, ಅದೇ ಬೊಂಬಾಯಿಯಲ್ಲಿ ಕೂತು ಬಾಬಾಸಾಹೇಬರು 'ಜಾತಿ ವಿನಾಶ' ಅಚ್ಚು ಹಾಕಿಸಿದರು. ಒಂಬತ್ತು ವರ್ಷ ಮೊದಲೇ, 1927ರಲ್ಲಿ, ಮಹಾಡಿನ ಚೌದಾರ್ ಕೆರೆಗೆ ಸಾವಿರಾರು ಜನ ನಡೆದುಹೋಗಿ ನೀರು ಕುಡಿದಿದ್ದರು. ಬದುಕಿನಲ್ಲಿ ನಮ್ಮ ಜನ ತೀರ್ಮಾನ ಮಾಡಿ ಕೆರೆಗಿಳಿದಿದ್ದಾಗ, ಸಿನಿಮಾ ನಮ್ಮ ಹುಡುಗಿಯನ್ನು ಹಳಿಯ ಮೇಲೆ ಮಲಗಿಸಿತ್ತು.

1959ರ 'ಸುಜಾತಾ' ಬಂದಾಗ ಸ್ವಲ್ಪ ದಯೆ ಬಂತು. ಬಿಮಲ್ ರಾಯ್ ಒಳ್ಳೆಯ ಮನುಷ್ಯ, ನೂತನ್ ಅಭಿನಯಕ್ಕೆ ಎರಡು ಮಾತಿಲ್ಲ. ಹುಡುಗಿ ಸಾಯುವುದಿಲ್ಲ. ಆದರೆ ಸಾಕಿದ ಬ್ರಾಹ್ಮಣ ತಾಯಿಗೆ ಮಗಳು ಅನ್ನಿಸಿಕೊಳ್ಳಲು ಆಕೆ ತನ್ನ ರಕ್ತ ಕೊಡಬೇಕು. ರಕ್ತ ಹೊಂದಿಕೆಯಾದ ಮೇಲೆ ಮನಸ್ಸು ಹೊಂದಿಕೆಯಾಗುತ್ತೆ. ಸೀಸೆ ತುಂಬಾ ರಕ್ತ ಕೊಟ್ಟರೆ ಮನುಷ್ಯರು ಅಂತ ಒಪ್ಪುವುದಾದರೆ, ಗದ್ದೆಯಲ್ಲಿ, ಗಣಿಯಲ್ಲಿ, ಮಲದ ಗುಂಡಿಯಲ್ಲಿ ನಾವು ಕೊಟ್ಟ ರಕ್ತಕ್ಕೆ ಈ ದೇಶ ಇಷ್ಟು ಹೊತ್ತಿಗೆ ನಮ್ಮ ಕಾಲು ತೊಳೆಯಬೇಕಿತ್ತು.

ನೆಲ ಯಾರದು?

ಈಗ ನಮ್ಮೂರಿಗೆ ಬರೋಣ. 1972ರಲ್ಲಿ 'ಬಂಗಾರದ ಮನುಷ್ಯ' ಬಂತು. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಪಟ್ಟಣ ಸೇರಿದ್ದ ಓದಿದ ಹುಡುಗರು ಅದನ್ನು ನೋಡಿ ಹಳ್ಳಿಗೆ ವಾಪಸು ಹೋದರು ಅಂತ ಇವತ್ತಿಗೂ ಹೇಳ್ತಾರೆ. ನಮಗೂ ಆ ಸಿನಿಮಾ ಇಷ್ಟ. ಗಾಜನೂರಿನ ಈಡಿಗರ ಮನೆಯಿಂದ ಬಂದು, ಶಾಲೆ ಅರ್ಧಕ್ಕೆ ಬಿಟ್ಟು ನಾಟಕ ಕಂಪನಿ ಸೇರಿದ ಒಬ್ಬರು ಕನ್ನಡದ ಎಲ್ಲ ಜಾತಿಯವರ ಅಣ್ಣನಾದದ್ದು ಸಣ್ಣ ವಿಷಯವಲ್ಲ. ಅವರು ಬಂಡೆ ಒಡೆದು ಬರಡು ನೆಲ ಹಸಿರು ಮಾಡುವಾಗ ನಮ್ಮ ತೋಳೂ ತುಡಿಯುತ್ತೆ.

ಆದರೆ ಕೇಳಿ. ಹಳ್ಳಿಗೆ ವಾಪಸು ಹೋದ ಆ ಹುಡುಗರಲ್ಲಿ ನಮ್ಮ ಹುಡುಗರೆಷ್ಟು? ವಾಪಸು ಹೋಗೋಕೆ ನಮಗೆ ಅಲ್ಲಿ ಏನಿತ್ತು? ರಾಜೀವಪ್ಪನಿಗೆ ಬರಡೋ ಕುರುಡೋ ನೆಲ ಅಂತ ಒಂದಿತ್ತು. ಬಂಡೆ ಒಡೆಯುವುದು ನಮಗೆ ಹೊಸದಾ? ಊರಿನ ಬಂಡೆಗಳನ್ನೆಲ್ಲಾ ಒಡೆದವರು ನಾವೇ, ಒಡೆದ ಮೇಲೆ ಹೊಲ ಮಾತ್ರ ಗೌಡರ ಹೆಸರಿಗೆ. ಕಷ್ಟಪಟ್ಟರೆ ಬಂಗಾರ ಅನ್ನುವ ನೀತಿ ನೆಲ ಇದ್ದವನಿಗೆ ಮಾತ್ರ ನಿಜ.

ಮೂರೇ ವರ್ಷಕ್ಕೆ, 1975ರಲ್ಲಿ, 'ಚೋಮನ ದುಡಿ' ಬಂತು. ಶಿವರಾಮ ಕಾರಂತರ 1933ರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ. ಸ್ವರ್ಣಕಮಲ ಬಂತು, ಚೋಮನಾದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಈ ಎರಡು ಸಿನಿಮಾಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಇಡೀ ಕರ್ನಾಟಕ ಕಾಣುತ್ತೆ. ಚೋಮನ ಹತ್ತಿರ ಎತ್ತು ಇದೆ, ತೋಳು ಇದೆ, ಉಳುವ ಆಸೆ ಇದೆ. ನೆಲ ಇಲ್ಲ. ಹೊಲೆಯ ಉಳಬಾರದು ಅನ್ನುವ ಕಟ್ಟಲೆ ಇದೆ. ಸಾಲಕ್ಕೆ ಮಕ್ಕಳು ಘಟ್ಟದ ತೋಟಕ್ಕೆ ಹೋಗ್ತಾರೆ. ನೀರಿಗೆ ಬಿದ್ದ ಮಗನನ್ನು ಮುಟ್ಟಬಾರದು ಅಂತ ಯಾರೂ ಎತ್ತುವುದಿಲ್ಲ. ನೆಲಕ್ಕಾಗಿ ಪಾದ್ರಿಯ ಹತ್ತಿರ ಹೋಗೋಣ ಅಂತ ಹೊರಟವನನ್ನು ಭೂತದ ಭಯ ಅರ್ಧ ದಾರಿಯಲ್ಲಿ ಹಿಂದಕ್ಕೆ ಕಳಿಸುತ್ತೆ. ಕೊನೆಗೆ ಬಾಗಿಲು ಹಾಕಿಕೊಂಡು ದುಡಿ ಬಡೀತಾ ಸಾಯ್ತಾನೆ.

ಇದು ಸುಳ್ಳಲ್ಲ. ನಮ್ಮ ಎಷ್ಟೋ ಮನೆಯ ಕಥೆ. ಚೋಮ ನಮ್ಮ ತಾತ. ಆದ್ದರಿಂದಲೇ ಜಗಳ. 1933ರಲ್ಲಿ ಚೋಮ ಒಬ್ಬನೇ ಇದ್ದ ಅಂತ ಒಪ್ಪೋಣ. ಸಿನಿಮಾ ಬಂದದ್ದು 1975ರಲ್ಲಿ. ಅಷ್ಟು ಹೊತ್ತಿಗೆ ಬೂಸಾ ಗಲಾಟೆಯಲ್ಲಿ ಹೊಡೆತ ತಿಂದ ಚೋಮನ ಮೊಮ್ಮಕ್ಕಳು ಹಾಸ್ಟೆಲುಗಳಲ್ಲಿ ಸಭೆ ಸೇರ್ತಿದ್ದರು. 1974ರ ಮಾರ್ಚ್ ಒಂದರಿಂದ ಭೂಸುಧಾರಣೆಯ ಹೊಸ ಕಾಯಿದೆ ಜಾರಿಯಲ್ಲಿತ್ತು. ಗೇಣಿದಾರರಿಗೆ ನೆಲ ಸಿಕ್ಕಿತು, ಗೇಣಿಯ ಚೀಟಿಯೂ ಇಲ್ಲದ ಕೂಲಿಯಾಳಿಗೆ ಬರೀ ಕೈ. ಇದರ ಬಗ್ಗೆ ಕೇರಿಗಳಲ್ಲಿ ಮಾತು ಎದ್ದಿತ್ತು. ತೆರೆಯ ಮೇಲೆ ಮಾತ್ರ ಬಾಗಿಲು ಹಾಕಿಯೇ ಇತ್ತು. ದುಡಿ ಇರುವುದು ಬಾಗಿಲು ಹಾಕಿಕೊಂಡು ಬಡಿಯೋಕಲ್ಲ ಕಣ್ರೀ, ಜನ ಸೇರಿಸೋಕೆ. ಈ ಬೀದಿಯಿಂದ ಆ ಬೀದಿಗೆ ಕೇಳಿಸೋಕೆ.

2023ರ ಕೊನೆಗೆ 'ಕಾಟೇರ' ಬಂತು. ಉಳುವವನೇ ಹೊಲದೊಡೆಯ ಅನ್ನುವ ಎಪ್ಪತ್ತರ ದಶಕದ ಮಾತನ್ನು ದೊಡ್ಡ ನಟನ ಬಾಯಲ್ಲಿ, ದೊಡ್ಡ ಥಿಯೇಟರಿನಲ್ಲಿ ಕೇಳಿದಾಗ ನಮಗೂ ಸಂತೋಷವಾಯ್ತು. ಅಷ್ಟರ ಮಟ್ಟಿಗೆ ಕಾಳು. ಆದರೆ ಒಬ್ಬನೇ ಮಚ್ಚು ಹಿಡಿದು ಊರಿಗೆಲ್ಲಾ ನ್ಯಾಯ ಕೊಡಿಸ್ತಾನೆ ಅನ್ನುವುದು ಬೂಸಾ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಒಡೆಯರ ಗದ್ದೆಗೆ ಇಳಿದದ್ದು ಮಚ್ಚು ಹಿಡಿದಲ್ಲ, ನೇಗಿಲು ಹಿಡಿದು, ತಂಡ ತಂಡವಾಗಿ ಜೈಲಿಗೆ ಹೋಗಿ. ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಸಾವಿರ ಕಾಲುಗಳನ್ನು ಒಬ್ಬ ಹೀರೋನ ಎರಡು ಕಾಲಿಗೆ ಇಳಿಸಿದರೆ, ನೋಡುವ ಹುಡುಗ ಏನು ಕಲೀತಾನೆ? ಯಾರೋ ಒಬ್ಬ ಬರ್ತಾನೆ, ಅಲ್ಲಿಯ ತನಕ ಕಾಯೋಣ ಅಂತ ಕಲೀತಾನೆ. ಅವನು ಕಾಯ್ತಾ ಇದ್ದಾಗಲೇ, 2020ರಲ್ಲಿ, ಭೂಸುಧಾರಣೆ ಕಾಯಿದೆಯ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿ ಕಾಸಿದ್ದವರು ಯಾರು ಬೇಕಾದರೂ ಹೊಲ ಕೊಳ್ಳಬಹುದು ಅಂತ ಮಾಡಿದರು. ಆಗ ಮಚ್ಚು ಹಿಡಿದು ಯಾವ ಹೀರೋನೂ ಬರಲಿಲ್ಲ.

2022ರ 'ಕಾಂತಾರ'ದ ಬಗ್ಗೆ ಕೇಳದೆ ನೀವು ಬಿಡುವುದಿಲ್ಲ. ಕೊನೆಯ ಹದಿನೈದು ನಿಮಿಷ ಮೈ ನಡುಗಿಸುತ್ತೆ, ಇಲ್ಲ ಅನ್ನುವುದಿಲ್ಲ. ಅಲ್ಲೂ ಕಥೆ ನೆಲದ್ದೇ, ಒಡೆಯ ಕಾಡಿನಂಚಿನ ಜನರ ನೆಲ ನುಂಗೋಕೆ ಬರ್ತಾನೆ. ಆದರೆ ನಮ್ಮ ಪ್ರಶ್ನೆ ಹಾಕಿ ನೋಡಿ. ಒಡೆಯನನ್ನು ಎದುರಿಸುವ ತೀರ್ಮಾನ ಯಾರದು? ಜನರದ್ದಲ್ಲ, ದೈವದ್ದು. ಮೈಮೇಲೆ ದೈವ ಬರುವ ತನಕ ಮನುಷ್ಯರು ಒದೆ ತಿನ್ನಬೇಕು! ಕರಾವಳಿಯಲ್ಲಿ ಕೋಲ ಕಟ್ಟುವವರು ಯಾರು? ನಲಿಕೆಯವರು, ಪಂಬದರು, ಪರವರು, ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿರುವ ನಮ್ಮ ಅಣ್ಣತಮ್ಮಂದಿರು. ರಾತ್ರಿ ಅಣಿ ಕಟ್ಟಿ, ಗಗ್ಗರ ಹಾಕಿ ನಿಂತರೆ ಗುತ್ತಿನ ಯಜಮಾನ ಕೈಮುಗೀತಾನೆ. ಬೆಳಗ್ಗೆ ಬಣ್ಣ ತೊಳೆದ ಮೇಲೆ ಅದೇ ಮನುಷ್ಯ ಅಂಗಳದ ಯಾವ ಗೆರೆಯ ಆಚೆ ನಿಲ್ಲಬೇಕು? ಆ ಬೆಳಗಿನ ಸಿನಿಮಾವನ್ನು ಯಾರಾದರೂ ತೆಗೆಯಲಿ. ಅದಕ್ಕೆ ನಾವು ಮೊದಲನೇ ದಿನ ಮೊದಲನೇ ಆಟಕ್ಕೆ ಹೋಗ್ತೀವಿ.

ಪ್ರಶಸ್ತಿಯ ಸಿನಿಮಾಗಳು

ಓದಿದವರು ಹೇಳ್ತಾರೆ, 'ಈ ಹೊಡೆದಾಟದ ಸಿನಿಮಾ ಬಿಡಿ, ಕಲಾತ್ಮಕ ಚಿತ್ರ ನೋಡಿ, ಅವು ನಿಮ್ಮ ಬಗ್ಗೆಯೇ ಇವೆ' ಅಂತ. ನೋಡಿದೆವು ಸ್ವಾಮಿ.

1970ರ 'ಸಂಸ್ಕಾರ'. ಪಟ್ಟಾಭಿರಾಮರೆಡ್ಡಿ ತೆಗೆದದ್ದು, ಅನಂತಮೂರ್ತಿಯವರ ಕಾದಂಬರಿ, ಕನ್ನಡಕ್ಕೆ ಮೊದಲ ಸ್ವರ್ಣಕಮಲ. ಸೆನ್ಸಾರಿನವರು ಮೊದಲು ತಡೆದಿದ್ದರು. ಅಗ್ರಹಾರದ ಹುಳುಕು ಬಿಚ್ಚಿಟ್ಟ ಧೈರ್ಯಕ್ಕೆ ನಮ್ಮ ನಮಸ್ಕಾರ. ಆದರೆ ಅಲ್ಲಿ ಹೆಣ ಬಿದ್ದಿದೆ. ಯಾರು ಸುಡಬೇಕು ಅಂತ ಬ್ರಾಹ್ಮಣರೆಲ್ಲಾ ಶಾಸ್ತ್ರ ಹುಡುಕ್ತಾರೆ. ಪ್ರಾಣೇಶಾಚಾರ್ಯರು ಚಿಂತೆ ಮಾಡ್ತಾರೆ, ಮಾಡ್ತಾರೆ, ಮಾಡ್ತಾನೇ ಇರ್ತಾರೆ. ಕೆಳಜಾತಿಯ ಹೆಂಗಸು ಚಂದ್ರಿ ಏನು ಮಾಡ್ತಾಳೆ? ಒಬ್ಬ ಮುಸಲ್ಮಾನನ ನೆರವಿನಿಂದ ರಾತ್ರೋರಾತ್ರಿ ಹೆಣ ಸುಟ್ಟು ಮುಗಿಸ್ತಾಳೆ. ಇಡೀ ಊರಿನಲ್ಲಿ ತೀರ್ಮಾನ ಮಾಡಿದ ಒಂದೇ ಜೀವ ಅವಳು! ಆದರೆ ಕಥೆ ಅವಳದ್ದಲ್ಲ. ಮಾಡಿದವಳು ಕತ್ತಲಿಗೆ ಹೋಗ್ತಾಳೆ, ಯೋಚನೆ ಮಾಡಿದವರು ನಾಯಕರಾಗ್ತಾರೆ. ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರು ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರು ಜೈಲಿನಲ್ಲಿ ನರಳಿ, ಹೊರಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ, ಪ್ರಾಣ ಬಿಟ್ಟರು. ಬದುಕಿನಲ್ಲೂ ತೀರ್ಮಾನ ಮಾಡಿದ ಹೆಣ್ಣುಮಗಳು ಅವರು. ಅವರನ್ನು ಮರೆಯಬೇಡಿ.

ಪ್ರಶಸ್ತಿಯ ಸಿನಿಮಾಗಳಲ್ಲಿ ನಾವು ತಲೆಬಾಗುವುದು ಒಂದಕ್ಕೆ. 1981ರಲ್ಲಿ ಸತ್ಯಜಿತ್ ರಾಯ್ ದೂರದರ್ಶನಕ್ಕೆ ತೆಗೆದ 'ಸದ್ಗತಿ'. ಪ್ರೇಮಚಂದರ ಕಥೆ. ಮಗಳ ನಿಶ್ಚಿತಾರ್ಥಕ್ಕೆ ಮುಹೂರ್ತ ಕೇಳಲು ಹೋದ ದುಃಖಿಯಿಂದ ಪುರೋಹಿತ ಬಿಟ್ಟಿ ದುಡಿಸಿಕೊಳ್ತಾನೆ. ಹೊಟ್ಟೆಗಿಲ್ಲದ ಓಂ ಪುರಿ ಒಡೆಯಲಾಗದ ಮರದ ದಿಮ್ಮಿಗೆ ಕೊಡಲಿ ಹಾಕಿ ಹಾಕಿ ಸತ್ತು ಬೀಳ್ತಾನೆ. ಇಲ್ಲೂ ನಮ್ಮವನು ಸತ್ತ, ಹೌದು. ಆದರೆ ಆಮೇಲೆ ನೋಡಿ. ಹೆಣ ಎತ್ತಲು ಕೇರಿಯಿಂದ ಒಬ್ಬರೂ ಬರುವುದಿಲ್ಲ. ಮುಟ್ಟದ ಪುರೋಹಿತ ಕಾಲಿಗೆ ಹಗ್ಗ ಹಾಕಿ ತಾನೇ ಎಳಕೊಂಡು ಹೋಗಬೇಕಾಗುತ್ತೆ. ಸತ್ತ ದನ ಹೊರಬೇಡಿ ಅಂತ ಬಾಬಾಸಾಹೇಬರು ಹೇಳಿದ್ದು ಇದನ್ನೇ ಅಲ್ಲವೇ? 2016ರಲ್ಲಿ ಗುಜರಾತಿನ ಊನಾದಲ್ಲಿ ಚರ್ಮ ಸುಲಿದರು ಅಂತ ನಮ್ಮ ಹುಡುಗರನ್ನು ಹೊಡೆದಾಗ, ಅಲ್ಲಿನ ಜನ ಸತ್ತ ದನಗಳನ್ನು ತಂದು ಸರ್ಕಾರಿ ಕಚೇರಿ ಮುಂದೆ ಹಾಕಿದರು. ನಾವು ಎತ್ತಲ್ಲ, ಅನ್ನುವುದೂ ಒಂದು ತೀರ್ಮಾನ. ಅದಕ್ಕೆ ಭಾಷಣ ಬೇಡ.

ಉದ್ಧಾರಕರ ಕಾಟ

ಈಚೆಗೆ ಇನ್ನೊಂದು ಜಾತಿಯ ಸಿನಿಮಾ ಶುರುವಾಗಿದೆ. 2019ರ ಹಿಂದಿಯ 'ಆರ್ಟಿಕಲ್ 15' ಅದರ ಮಾದರಿ. ಸಂವಿಧಾನದ ಕಲಮಿನ ಹೆಸರು ಕೇಳಿ ಆಸೆಯಿಂದ ನೋಡಿದೆವು. ನಮ್ಮ ಹೆಣ್ಣುಮಕ್ಕಳು ಮರದಲ್ಲಿ ನೇತಾಡ್ತಾರೆ. ನ್ಯಾಯ ಕೊಡಿಸಲು ದಿಲ್ಲಿಯಿಂದ ಬಂದ ಬ್ರಾಹ್ಮಣ ಪೊಲೀಸ್ ಅಧಿಕಾರಿ ಇದ್ದಾನೆ. ನಮ್ಮ ಹೋರಾಟದ ಹುಡುಗನೂ ಒಬ್ಬ ಇದ್ದಾನೆ, ಅವನನ್ನು ಅರ್ಧದಲ್ಲೇ ಕೊಂದು ಮುಗಿಸ್ತಾರೆ. ಉಳಿದದ್ದನ್ನು ಸಾಹೇಬರು ನೋಡಿಕೊಳ್ತಾರೆ! ದೇಶದಲ್ಲಿ ಜಾತಿ ಇದೆ ಅಂತ ಒಬ್ಬ ಅಧಿಕಾರಿಗೆ ಜ್ಞಾನೋದಯವಾಗಲು ನಮ್ಮ ಎಷ್ಟು ಮಕ್ಕಳು ಸಾಯಬೇಕು?

2021ರ ತಮಿಳಿನ 'ಜೈ ಭೀಮ್'ನಲ್ಲೂ ವಕೀಲರೇ ದೊಡ್ಡ ನಾಯಕ. ಆದರೆ ಅಲ್ಲಿ ಸೆಂಗೇಣಿ ಇದ್ದಾಳೆ. ಗಂಡನನ್ನು ಠಾಣೆಯಲ್ಲಿ ಕೊಂದವರ ಪರವಾಗಿ ರಾಜಿಯ ದುಡ್ಡು ಬಂದಾಗ, ತುಂಬಿದ ಬಸುರಿ, ಬಿಡಿಗಾಸಿಲ್ಲದವಳು, ಬೇಡ ಅಂತಾಳೆ. ಕೊನೆಯಲ್ಲಿ ಅವಳ ಮಗಳು ವಕೀಲರ ಎದುರು ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು ಪೇಪರ್ ಓದ್ತಾಳೆ. ಆ ಕುರ್ಚಿಗಾಗಿ ನಾವು ಆ ಸಿನಿಮಾವನ್ನು ಕಾಳಿನ ಕಡೆ ಹಾಕ್ತೀವಿ.

ಮೂರು ಕಲ್ಲುಗಳು

ಈಗ ಕಾಳಿನ ಮಾತು. ಮೂರು ಸಿನಿಮಾದಲ್ಲಿ ಮೂರು ಹುಡುಗರು ಕಲ್ಲು ಎಸೀತಾರೆ.

1974ರ ಶ್ಯಾಮ್ ಬೆನೆಗಲರ 'ಅಂಕುರ್'. ತೆಲಂಗಾಣದ ಹಳ್ಳಿ. ನಮ್ಮ ಅನಂತನಾಗ್ ಜಮೀನ್ದಾರರ ಮಗ, ಶಬಾನಾ ಆಜ್ಮಿ ಅವನ ಮನೆಗೆಲಸದ ಲಕ್ಷ್ಮಿ. ಲಕ್ಷ್ಮಿಯ ಮೂಗ ಗಂಡನಿಗೆ ಚಾಟಿಯೇಟು ಬೀಳುತ್ತೆ, ಲಕ್ಷ್ಮಿ ಒಡೆಯನ ಮುಖಕ್ಕೇ ಶಾಪ ಹಾಕ್ತಾಳೆ. ಎಲ್ಲಾ ನೋಡಿದ ಪುಟ್ಟ ಹುಡುಗ ಒಡೆಯನ ಕಿಟಕಿಗೆ ಕಲ್ಲು ಬೀಸಿ ಓಡ್ತಾನೆ. ಅಲ್ಲಿಗೆ ಸಿನಿಮಾ ಮುಗೀತು.

2013ರ ಮರಾಠಿ 'ಫಂಡ್ರಿ'. ಹಂದಿ ಹಿಡಿಯುವ ಕೈಕಾಡಿಗಳ ಹುಡುಗ ಜಬ್ಯಾ ಶಾಲೆಗೆ ಹೋಗ್ತಾನೆ, ಮೇಲ್ಜಾತಿಯ ಹುಡುಗಿಯನ್ನು ದೂರದಿಂದ ನೋಡ್ತಾನೆ. ಅದೇ ಶಾಲೆಯ ಎದುರು, ಎಲ್ಲರ ನಗುವಿನ ನಡುವೆ ಹಂದಿ ಹಿಡಿಯಬೇಕು. ಹಂದಿ ಇನ್ನೇನು ಸಿಕ್ಕಿತು ಅನ್ನುವಾಗ ರಾಷ್ಟ್ರಗೀತೆ ಕೇಳಿಸುತ್ತೆ. ಮನೆಮಂದಿಯೆಲ್ಲಾ ಅಲ್ಲಾಡದೆ ನಿಲ್ತಾರೆ, ಹಂದಿ ಹೋಗಿಬಿಡುತ್ತೆ. ದೇಶಕ್ಕೆ ಮರ್ಯಾದೆ ಕೊಟ್ಟವರು ಯಾರು, ಕೊಟ್ಟದ್ದಕ್ಕೆ ಕಳಕೊಂಡವರು ಯಾರು? ಹಿಡಿದ ಹಂದಿಯನ್ನು ಕೋಲಿಗೆ ಕಟ್ಟಿ ಹೊತ್ತು ನಡೆಯುವಾಗ ಹಿಂದಿನ ಗೋಡೆಯ ಮೇಲೆ ಬಾಬಾಸಾಹೇಬರ ಚಿತ್ರ. ಕೊನೆಗೆ ಜಬ್ಯಾ ಕಲ್ಲು ಎತ್ತಿ ಬೀಸ್ತಾನೆ. ಅದು ಸೀದಾ ನೋಡುವವರ ಮುಖಕ್ಕೆ ಬರುತ್ತೆ.

2021ರ ತಮಿಳಿನ 'ಕರ್ಣನ್'. ಮಾರಿ ಸೆಲ್ವರಾಜ್ ತೆಗೆದದ್ದು. ಊರಿಗೆ ಬಸ್ ಸ್ಟಾಪ್ ಇಲ್ಲ. ಪಕ್ಕದ ಮೇಲ್ಜಾತಿಯ ಊರಿನಲ್ಲಿ ನಿಲ್ಲುವ ಬಸ್ಸು ಇಲ್ಲಿ ನಿಲ್ಲುವುದಿಲ್ಲ. ನಡುರಸ್ತೆಯಲ್ಲಿ ಹುಡುಗಿಯೊಬ್ಬಳು ಒದ್ದಾಡಿ ಸತ್ತರೂ ಅಕ್ಕಪಕ್ಕದಲ್ಲೇ ಗಾಡಿಗಳು ಹೋಗ್ತವೆ. ಒಂದು ದಿನ ಬಸುರಿಯೊಬ್ಬಳು ಕೈ ಅಡ್ಡ ಹಾಕಿದರೂ ಬಸ್ಸು ನಿಲ್ಲದೇ ಹೋದಾಗ ಒಬ್ಬ ಹುಡುಗ ಕಲ್ಲು ಬೀಸ್ತಾನೆ. ಗಾಜು ಒಡೆಯುತ್ತೆ. ನಿಜವಾದ ಕಥೆ ಅಲ್ಲಿಂದ ಶುರು. ಊರಿಗೆ ಊರೇ ಎದ್ದು ನಿಲ್ಲುತ್ತೆ.

ನೋಡಿದಿರಾ? 1974ರಲ್ಲಿ ಕಲ್ಲು ಬಿದ್ದ ಕೂಡಲೇ ಸಿನಿಮಾ ಮುಗೀತು. 2013ರಲ್ಲಿ ಕಲ್ಲು ನೋಡುವವರ ಕಡೆ ತಿರುಗಿತು. 2021ರಲ್ಲಿ ಕಲ್ಲು ಬಿದ್ದ ಮೇಲೆ ಸಿನಿಮಾ ಶುರುವಾಯ್ತು. ಮೊದಲನೆಯದನ್ನು ನಮ್ಮನ್ನು ಕಂಡು ಮರುಗಿದವರು ತೆಗೆದರು. ಆಮೇಲಿನ ಎರಡನ್ನು ಆ ಬದುಕು ಬದುಕಿದವರು ತೆಗೆದರು. ವ್ಯತ್ಯಾಸ ಇಷ್ಟೇ.

2018ರ 'ಪರಿಯೇರುಂ ಪೆರುಮಾಳ್' ಪ್ರತಿ ಹಾಸ್ಟೆಲಿನಲ್ಲೂ ತೋರಿಸಬೇಕಾದ ಸಿನಿಮಾ. ಅದೂ ಮಾರಿ ಸೆಲ್ವರಾಜರದ್ದೇ. ತಿರುನೆಲ್ವೇಲಿಯ ಕಾನೂನು ಕಾಲೇಜು ಸೇರಿದ ಹುಡುಗ. ಇಂಗ್ಲಿಷ್ ಬರುವುದಿಲ್ಲ, ತರಗತಿಯಲ್ಲಿ ಮಾನ ಹೋಗುತ್ತೆ. ನಿಮ್ಮಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ, ಆ ಸಂಕಟ! ಹೊಡೀತಾರೆ, ಅವಮಾನ ಮಾಡ್ತಾರೆ, ತಂದೆಯನ್ನೂ ಬಿಡುವುದಿಲ್ಲ. ಅವನು ಸಾಯುವುದಿಲ್ಲ, ಓದು ಬಿಟ್ಟು ಓಡುವುದೂ ಇಲ್ಲ. ನೀವು ಬದಲಾಗದೆ ಏನೂ ಬದಲಾಗಲ್ಲ ಅಂತ ಹುಡುಗಿಯ ತಂದೆಗೆ ಎದುರು ನಿಂತು ಹೇಳ್ತಾನೆ. ಕೊನೆಗೆ ಎರಡು ಟೀ ಲೋಟ, ನಡುವೆ ಒಂದು ಹೂವು. ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟಿದ್ದನ್ನು ಕಂಡವರಿಗೆ ಆ ಎರಡು ಲೋಟದ ಅರ್ಥ ಯಾರೂ ವಿವರಿಸಬೇಕಾಗಿಲ್ಲ.

ಪಾ. ರಂಜಿತರ 2018ರ 'ಕಾಲಾ'ದಲ್ಲಿ ಧಾರಾವಿಯ ಜನ ಕೆಲಸ ನಿಲ್ಲಿಸ್ತಾರೆ, ಮುಂಬಯಿ ನಿಂತುಹೋಗುತ್ತೆ. ದೊಡ್ಡ ನಟನೊಬ್ಬನನ್ನು ಇಟ್ಟುಕೊಂಡೂ ಗೆಲುವನ್ನು ಜನರ ಕೈಗೆ ಕೊಡಬಹುದು ಅಂತ ಅಲ್ಲಿ ತೋರಿಸಿದರು. ಆ ರಜನೀಕಾಂತ್ ಒಂದು ಕಾಲಕ್ಕೆ ಬೆಂಗಳೂರಿನ ಬಸ್ ಕಂಡಕ್ಟರ್ ಆಗಿದ್ದವರು. ಆ ಸಿನಿಮಾಕ್ಕೆ ಕರ್ನಾಟಕದಲ್ಲಿ ಏನಾಯ್ತು? ಕಾವೇರಿಯ ಬಗ್ಗೆ ನಟ ಆಡಿದ ಮಾತಿನ ಹೆಸರಲ್ಲಿ ಬಿಡುಗಡೆಗೇ ಅಡ್ಡ ನಿಂತರು. ಕಾವೇರಿ ನೀರಿನ ಮಾತು ಬೇರೆ, ಅದು ರೈತರ ಹೊಟ್ಟೆಯ ಮಾತು. ಆದರೆ ಅಡ್ಡ ನಿಂತವರಲ್ಲಿ ಎಷ್ಟು ಜನರಿಗೆ ಗೊತ್ತಿತ್ತು, ತಾವು ತಡೆಯುತ್ತಿರುವುದು ಬಡವರ ನೆಲದ ಕಥೆ ಅಂತ?

ಕಟೌಟಿನ ಕೆಳಗೆ ಯಾರು?

2024ರ ಜನವರಿ 8ರಂದು ಗದಗ ಜಿಲ್ಲೆಯ ಸೂರಣಗಿಯಲ್ಲಿ, ಒಬ್ಬ ನಟರ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋದ ಮೂವರು ಹುಡುಗರು ಕರೆಂಟ್ ತಗುಲಿ ಸತ್ತರು. ಇಪ್ಪತ್ತರ ಆಸುಪಾಸಿನ ಹುಡುಗರು. ಅವರ ಪ್ರೀತಿಯನ್ನು ನಾವು ಹಂಗಿಸುವುದಿಲ್ಲ. ಹಂಗಿಸುವವರ ಬಾಯಿಗೆ ಮಣ್ಣು. ಆದರೆ ತೆರೆಯ ಮೇಲೆ ಕಥೆ ನಮ್ಮದಲ್ಲ, ತೀರ್ಮಾನ ನಮ್ಮದಲ್ಲ, ಲಾಭ ನಮ್ಮದಲ್ಲ. ತೆರೆಯ ಹೊರಗೆ ಕಂಬ ಹತ್ತುವುದು ಮಾತ್ರ ಬಡವರ ಮಕ್ಕಳದ್ದಾ? ಆ ಕೈಗಳು ಹಗ್ಗ ಎಳೆಯೋಕೆ ಮಾತ್ರ ಇರುವುದಾ?

ತೆರೆಗೆ ಹತ್ತಲು ಹೋದ ನಮ್ಮವರನ್ನು ಏನು ಮಾಡಿದರು, ಅದೂ ಗೊತ್ತಿರಲಿ. 1930ರ ಆಸುಪಾಸಿನಲ್ಲಿ ಮಲಯಾಳದ ಮೊದಲ ಸಿನಿಮಾ 'ವಿಗತಕುಮಾರನ್'ನಲ್ಲಿ ಪಿ.ಕೆ. ರೋಸಿ ಎಂಬ ದಲಿತ ಹೆಣ್ಣುಮಗಳು ನಾಯಿಕೆಯಾದಳು. ನಾಯರ್ ಹೆಂಗಸಿನ ಪಾತ್ರ. ಹೊಲತಿಯೊಬ್ಬಳು ನಾಯರ್ ಹೆಂಗಸಾಗುವುದೇ ಅಂತ ಕಲ್ಲು ಬೀಸಿದರು, ಊರು ಬಿಡಿಸಿದರು. ಮಲಯಾಳದ ಮೊದಲ ನಾಯಿಕೆ ಹೆಸರು ಮುಚ್ಚಿಕೊಂಡು ತಮಿಳು ನಾಡಿನಲ್ಲಿ ಬದುಕಿ ಸತ್ತಳು. ಹಾಗಾಗಿ, ನಿಮ್ಮವರು ಯಾಕೆ ಸಿನಿಮಾ ತೆಗೆಯಲಿಲ್ಲ ಅಂತ ಕೇಳುವವರಿಗೆ ಉತ್ತರ ಆ ಕಲ್ಲುಗಳಲ್ಲಿದೆ.

ಆದರೂ ತೆಗೆದರು. 'ಫಂಡ್ರಿ'ಯ ನಾಗರಾಜ ಮಂಜುಳೆ ಎಲ್ಲೋ ದೂರದವರಲ್ಲ, ನಮ್ಮ ವಿಜಯಪುರದ ಗಡಿಯಾಚೆಯ ಸೊಲ್ಲಾಪುರ ಜಿಲ್ಲೆಯ ಜೇವೂರಿನವರು, ಕಲ್ಲು ಒಡೆಯುವ ವಡ್ಡರ ಮನೆಯವರು. ಮೊದಲು 'ಪಿಸ್ತುಲ್ಯಾ' ಅಂತ ಒಂದು ಕಿರುಚಿತ್ರ ಮಾಡಿದರು, ರಾಷ್ಟ್ರಪ್ರಶಸ್ತಿ ಬಂತು. ಆಮೇಲೆ 'ಫಂಡ್ರಿ', ಆಮೇಲೆ 2016ರ 'ಸೈರಾಟ್'. ಪಾ. ರಂಜಿತ್ ತಾವು ಗೆದ್ದ ದುಡ್ಡಿನಲ್ಲಿ ಮಾರಿ ಸೆಲ್ವರಾಜರ ಮೊದಲ ಸಿನಿಮಾ ಮಾಡಿಸಿದರು. ಒಬ್ಬ ಬಾಗಿಲು ತೆಗೆದು ಇನ್ನೊಬ್ಬನಿಗೆ ಹಿಡಿದು ನಿಂತ. ಉತ್ತರಕ್ಕೆ ಮರಾಠಿ, ದಕ್ಷಿಣಕ್ಕೆ ತಮಿಳು, ನಡುವೆ ನಾವು. ಹೊಲೆಮಾದಿಗರ ಹಾಡು ಹುಟ್ಟಿದ ಕನ್ನಡದಲ್ಲಿ ಹೊಲೆಮಾದಿಗರ ಸಿನಿಮಾ ಎಲ್ಲಿ?

ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್‌ನಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಆರೋಪಿಗಳೆಲ್ಲಾ ಬಿಡುಗಡೆಯಾದರು. ಅದನ್ನು ಹೇಳುವ ಒಂದು ದೊಡ್ಡ ಕನ್ನಡ ಸಿನಿಮಾವನ್ನು ನಾವು ಇವತ್ತಿನ ತನಕ ನೋಡಿಲ್ಲ. ಗಾಂಧಿನಗರ ತೆಗೆಯುತ್ತೆ ಅಂತ ಕಾಯಬೇಡಿ. ಗೌಡರ ಮಗ ನಮ್ಮ ನೋವಿನ ಸಿನಿಮಾ ತೆಗೆದು ಪ್ರಶಸ್ತಿ ತಗೊಳ್ಳಲಿ, ಬೇಡ ಅನ್ನಲ್ಲ. ಆದರೆ ನಮ್ಮ ತೀರ್ಮಾನದ ಸಿನಿಮಾ ನಾವೇ ತೆಗೀಬೇಕು.

ಹಾಸ್ಟೆಲಿನ ಗೆಳೆಯರೇ, ಗೆಳತಿಯರೇ, ಒಂದು ಕೆಲಸ ಮಾಡಿ. ವಾರಕ್ಕೊಂದು ಸಿನಿಮಾ ಎಲ್ಲರೂ ಕೂತು ನೋಡಿ. ಮುಗಿದ ಮೇಲೆ ಎದ್ದು ಹೋಗಬೇಡಿ. ಊಟದ ಹಾಲಿನಲ್ಲೇ ಅರ್ಧ ಗಂಟೆ ಕೂತು ಕೇಳಿ: ಇದರಲ್ಲಿ ನಮ್ಮವರು ಯಾರು? ಅವರು ಏನು ತೀರ್ಮಾನ ಮಾಡಿದರು? ಹೆಣ್ಣುಮಕ್ಕಳು ಏನು ಮಾಡಿದರು? ಒಬ್ಬ ಬರೆದುಕೊಳ್ಳಲಿ. ಕಟೌಟಿಗೆ ಎತ್ತುವ ಚಂದಾದಲ್ಲಿ ಒಂದು ಒಳ್ಳೆ ಮೈಕು ಬರುತ್ತೆ. ಕ್ಯಾಮೆರಾ ನಿಮ್ಮ ಜೇಬಿನಲ್ಲೇ ಇದೆ. ನಿಮ್ಮೂರಿನ ಬಾವಿ, ನಿಮ್ಮವ್ವನ ಕೂಲಿ, ಹಾಸ್ಟೆಲಿನ ಅಡುಗೆಮನೆ, ಹತ್ತು ನಿಮಿಷ ತೆಗೆಯಿರಿ. ಕೆಟ್ಟದಾಗಿ ಬಂದರೆ ಬರಲಿ, ಮತ್ತೆ ತೆಗೆಯಿರಿ. ಮುಂದಿನ ಸಭೆಗೆ ಹಿಡಕೊಂಡು ಬನ್ನಿ. ಬಿಳಿ ಪಂಚೆ ಕಟ್ಟಿ ತೋರಿಸುವ ಜವಾಬ್ದಾರಿ ನಮ್ಮದು, ಕೇರಿ ನೋಡುವ ಜವಾಬ್ದಾರಿ ಎಲ್ಲರದ್ದು.

ಜೈ ಭೀಮ್!